ಅಳು ಬರುವ ತನಕ

ಭಾನುವಾರ ರಾತ್ರಿ ಪುಣೆಯ ಬಾಡಿಗೆ ಮನೆಯಲ್ಲಿ ಕನ್ನಡ ಚಾನೆಲ್ ಹಾಕಿಕೊಂಡು ಕೂರುವುದು ನನ್ನ ರೂಢಿ. ಊರಲ್ಲಿ ಅಮ್ಮನೂ ಅದನ್ನೇ ನೋಡುತ್ತಿರುತ್ತಾಳೆ. ಮೊನ್ನೆ ಒಂದು ಸಂದರ್ಶನದಲ್ಲಿ ಅತಿಥಿ ತೀರಿಹೋದ ಅಪ್ಪನ ಸುದ್ದಿ ಎತ್ತುವ ಮೊದಲೇ ಪಿಟೀಲು ಶುರುವಾಯಿತು. "ಆ ಕ್ಷಣ ನಿಮಗೇನನ್ನಿಸಿತು?" ಎಂದರು ನಿರೂಪಕರು. ಕ್ಯಾಮೆರಾ ಕಣ್ಣಿನ ಹತ್ತಿರ ಹೋಗಿ ಕಾಯಿತು. ಅತ್ತ ತುಣುಕು ವಾರವಿಡೀ ಪ್ರೋಮೋದಲ್ಲಿ ಬಂದಿತ್ತು. ನಾವೂ ಅದಕ್ಕೇ ಕಾದು ಕೂತಿದ್ದೆವು.

1960ರಲ್ಲಿ ಬಿಬಿಸಿಯ 'ಫೇಸ್ ಟು ಫೇಸ್'ನಲ್ಲೂ ಇಂಥದೊಂದು ಅಳು ಬಂತು. ಜಾನ್ ಫ್ರೀಮನ್ ಪ್ರೇಕ್ಷಕರಿಗೆ ಬಹುಮಟ್ಟಿಗೆ ಬೆನ್ನು ಹಾಕಿ ಕೂತು ಪ್ರಶ್ನೆ ಕೇಳುತ್ತಿದ್ದವರು. ಸಿಡುಕಿಗೇ ಹೆಸರಾದ ಗಿಲ್ಬರ್ಟ್ ಹಾರ್ಡಿಂಗ್‌ರನ್ನು ಸಾವಿನ ಬಗ್ಗೆ ಕೇಳಿದರು; ತಾಯಿಯ ನೆನಪಾಗಿ ಹಾರ್ಡಿಂಗ್ ಕಣ್ಣು ತುಂಬಿತು. ಅದೇ ವರ್ಷ ನವೆಂಬರಿನಲ್ಲಿ ಅವರು ತೀರಿಕೊಂಡರು. ಆ ಪ್ರಶ್ನೆಗಾಗಿ ಫ್ರೀಮನ್ ಮುಂದೆ ವಿಷಾದಪಟ್ಟರು. (ಇದೇ ಫ್ರೀಮನ್ 1965ರಲ್ಲಿ ಬ್ರಿಟನ್ನಿನ ಹೈಕಮಿಷನರ್ ಆಗಿ ದೆಹಲಿಗೆ ಬಂದವರು.)

ಫ್ರೀಮನ್ ಸಜ್ಜನರು, ಈಗಿನವರು ಕೆಟ್ಟವರು ಎನ್ನಲಾರೆ. ಅವರೂ ಕನಿಕರವಿಲ್ಲದೆ ಕೇಳುತ್ತಿದ್ದರು. ಆದರೆ ಅವರಿಗೆ ಉತ್ತರ ಬೇಕಿತ್ತು. ಈಗ ಅಳು ಬಂದರೆ ಸಾಕು. ಉತ್ತರ ಬೇಡದೆಯೂ ಪ್ರಶ್ನೆ ಕೇಳುವುದು ಎದುರಿಗಿದ್ದವರಿಗೆ ಮಾಡುವ ಅವಮಾನ. ಅವರು ಒಪ್ಪಿಯೇ ಆ ಕುರ್ಚಿಯಲ್ಲಿ ಕೂತಿದ್ದಾರಲ್ಲ ಎನ್ನಬಹುದು. ಒಪ್ಪಿದ್ದು ಮಾತಾಡಲಿಕ್ಕೆ ಅಲ್ಲವೇ?

ಕಾರ್ಯಕ್ರಮ ಮುಗಿದೊಡನೆ ಅಮ್ಮನ ಫೋನ್. "ಪಾಪ, ಎಷ್ಟು ಅತ್ತ ನೋಡು." ಅಪ್ಪನ ಬಗ್ಗೆ ಏನು ಹೇಳಿದ ಅಂತ ಕೇಳಿದೆ. ಅವಳಿಗೆ ನೆನಪಿರಲಿಲ್ಲ. ನನಗೂ.