ಬರ್ಜಿಲ್ಲೈಯ ಮುಪ್ಪು

(ಎರಡನೆಯ ಸಮುವೇಲ, 19ನೆಯ ಅಧ್ಯಾಯ)



ದಾವೀದ ಅರಸನು ತನ್ನ ಸಂಗಡ ಯೆರೂಸಲೇಮಿನಲ್ಲಿ ಇರಬೇಕೆಂದು ಕರೆದಾಗ ಎಂಭತ್ತು ವರುಷದ ಬರ್ಜಿಲ್ಲೈಯು ಒಪ್ಪಲಿಲ್ಲ. ಊಟದ ರುಚಿಯೂ ಹಾಡುವವರ ಸ್ವರವೂ ತನಗೆ ತಿಳಿಯದೆಂದೂ, ಸ್ವಂತ ಊರಿನಲ್ಲಿ ತಂದೆತಾಯಿಗಳ ಸಮಾಧಿಯ ಬಳಿಯಲ್ಲಿ ಸಾಯುವೆನೆಂದೂ ಬಿನ್ನೈಸಿದನು. ಅರಸನು ಬಲವಂತಪಡಿಸದೆ ಅವನನ್ನು ಆಶೀರ್ವದಿಸಿ ಕಳುಹಿಸಿದನು. ಮುದುಕರ ವಾಸಸ್ಥಳವನ್ನು ಗೊತ್ತುಮಾಡುವಾಗ ಮೊದಲು ಅವರನ್ನೇ ಕೇಳಬೇಕೆಂಬದು ಇದರಿಂದ ತಿಳಿಯುತ್ತದೆ.

ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ಪೋತ್ನಾಳದ ಸುತ್ತಲಿನ ಹಳ್ಳಿಗಳಿಂದ ಪ್ರಾಯದವರು ಬೆಂಗಳೂರಿಗೆ ಗುಳೆ ಹೋಗುವದುಂಟು. ಮುದುಕರು ಹಿಂದೆ ಉಳಿಯುತ್ತಾರೆ. ಆದಕಾರಣ ಕೆಲವರನ್ನು ವೃದ್ಧಾಶ್ರಮಕ್ಕೆ ಸೇರಿಸಬೇಕಾಗುತ್ತದೆ. ಇದನ್ನು ಪಾಪವೆಂದು ನಾನು ಹೇಳಲಾರೆನು. ಆದರೆ ಕಟ್ಟಡದ ಅಂದವನ್ನು ಮಾತ್ರ ನೋಡಿ ಬಿಟ್ಟುಬರುವವರು ತಂದೆತಾಯಿಗಳನ್ನು ಹೇಗೆ ಸನ್ಮಾನಿಸಿದಂತಾಯಿತು?

ಒಳಗೆ ಹೋಗಿ ಕಣ್ಣಾರೆ ನೋಡಿರಿ. ಮಂಚದ ಮೇಲೆ ಕುಳಿತಾಗ ಪಾದಗಳು ನೆಲಕ್ಕೆ ಮುಟ್ಟುತ್ತವೋ? ಪಾಯಖಾನೆಯ ದಾರಿಯಲ್ಲಿ ರಾತ್ರಿ ದೀಪವುಂಟೋ, ಗೋಡೆಯಲ್ಲಿ ಹಿಡಿಕೆಯುಂಟೋ? ಒದ್ದೆಯಾದ ನುಣುಪು ಕಲ್ಲಿನ ಮೇಲೆ ಒಮ್ಮೆ ಜಾರಿದರೆ ತೊಡೆಯ ಎಲುಬು ಮುರಿದು, ನಡೆದಾಡುತ್ತಿದ್ದವರು ಹಾಸಿಗೆ ಹಿಡಿಯುವರು. ಹಾಗೆ ಮಲಗಿದವರ ಮಗ್ಗುಲನ್ನು ಸುಮಾರು ಎರಡು ತಾಸಿಗೊಮ್ಮೆ ಬದಲಿಸದಿದ್ದರೆ ಬೆನ್ನಿನಲ್ಲಿಯೂ ಸೊಂಟದಲ್ಲಿಯೂ ಹುಣ್ಣಾಗುತ್ತದೆ. ಇದಕ್ಕಾಗಿ ರಾತ್ರಿಯಲ್ಲಿ ಎಚ್ಚರವಾಗಿರುವವರು ಯಾರೆಂದು ಹೆಸರು ಹಿಡಿದು ಕೇಳಿರಿ. ನುಣುಚಿಕೊಳ್ಳುವ ಉತ್ತರ ಬಂದರೆ ಅಲ್ಲಿ ಸೇರಿಸಬೇಡಿರಿ.

ನಮ್ಮ ಸೀಮೆಯ ಬೇಸಿಗೆಯ ಸೆಕೆಯು 40 ಡಿಗ್ರಿಯನ್ನು ಮೀರುತ್ತದೆ. ಮುಪ್ಪಿನಲ್ಲಿ ಬಾಯಾರಿಕೆಯ ಅರಿವು ಕುಂದುವದರಿಂದ, ಕೇಳಿದಾಗ ನೀರು ಕೊಡುವೆವೆಂದರೆ ಸಾಲದು. ಹೊತ್ತುಹೊತ್ತಿಗೆ ಕರೆದು ಕುಡಿಸಬೇಕು. ಮಧ್ಯಾಹ್ನದಲ್ಲಿ ಕಾದ ತಗಡಿನ ಕೆಳಗೆ ಮಲಗಿಸಬಾರದು. ಹಬ್ಬದಲ್ಲಿ ಕಂಬಳಿ ಹಂಚುವವರು ಬಹು ಮಂದಿ. ಬೇಸಿಗೆಗೆ ಮುಂಚೆ ನೆರಳಿನ ಚಪ್ಪರ ಹಾಕಿಸುವವರು ವಿರಳ. ಹಲ್ಲಿಲ್ಲದವರಿಗೆ ಜೋಳದ ರೊಟ್ಟಿಯನ್ನು ಬಿಸಿ ಹಾಲಿನಲ್ಲಿ ನೆನೆಸಿ ಕೊಡಬೇಕು. ಬರ್ಜಿಲ್ಲೈಯಂತೆ ರುಚಿ ತಿಳಿಯದವರು ಸಹ ಊಟಕ್ಕೆ ಜೊತೆಗಾರರನ್ನು ಬಯಸುತ್ತಾರೆ.

ರಾಜ್ಯದ ನ್ಯಾಯವೂ ಈ ವಿಷಯದಲ್ಲಿ ಸುಮ್ಮನಿಲ್ಲ. 2007ರ ಕಾಯಿದೆಯ ಪ್ರಕಾರ, 60 ವರುಷವಾದವರನ್ನು ನೋಡಿಕೊಳ್ಳಬೇಕಾದವರು ಅವರನ್ನು ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದರೆ ಮೂರು ತಿಂಗಳ ವರೆಗೆ ಸೆರೆಯೂ 5,000 ರೂಪಾಯಿಯ ವರೆಗೆ ದಂಡವೂ ಆಗಬಹುದು.

ಕರ್ತನು ಶಿಲುಬೆಯ ಮೇಲೆ ಇದ್ದಾಗಲೇ ತನ್ನ ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದನು. ಆ ಶಿಷ್ಯನು ಆಕೆಯನ್ನು ಮನೆಗೆ ಸೇರಿಸಿಕೊಂಡನು. ಆದ್ದರಿಂದ ಮಗನು ಬೆಂಗಳೂರಿನಿಂದ ಬರಲಾರದ ತಿಂಗಳಲ್ಲಿ, ಸಭೆಯವರೊಳಗೆ ಸಿಂಧನೂರಿಗಾಗಲಿ ರಾಯಚೂರಿಗಾಗಲಿ ಕೆಲಸಕ್ಕೆ ಹೋಗುವ ಸಹೋದರಿಯೊಬ್ಬಳು ಆಶ್ರಮಕ್ಕೆ ಹೋಗಿ, ಆ ತಾಯಿಯ ಬಳಿ ಕುಳಿತು, ಬೆನ್ನಿನ ಮೇಲಿನ ಬಟ್ಟೆಯನ್ನು ಸರಿಸಿ ನೋಡಿ, ಕಂಡದ್ದನ್ನು ಕಂಡಂತೆ ಮಗನಿಗೆ ತಿಳಿಸಲಿ.