ಮುಖವಸ್ತ್ರದ ಪುಟ್ಟ ಬಾಗಿಲು

ಚಳಿಗಾಲ ಬಂತೆಂದರೆ ನಮ್ಮ ಮನೆಯ ಬೀರುವಿನ ಕೆಳಗಿನ ಖಾನೆಯಿಂದ ಮೂರು ವಸ್ತುಗಳು ಹೊರಕ್ಕೆ ಬರುತ್ತವೆ: ಒಂದು ಮಫ್ಲರು, ನುಸಿ ರುಚಿ ನೋಡಿದ ಒಂದು ಸ್ವೆಟರು, ಮತ್ತು ಬೂದುನೀಲಿ ಬಣ್ಣದ ಒಂದು ಮುಖವಸ್ತ್ರ. ಮೊದಲಿನ ಎರಡನ್ನು ಬಿಸಿಲಿಗೆ ಹಾಕುತ್ತೇನೆ. ಮೂರನೆಯದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿ, ಮಡಿಸಿ, ಇದ್ದಲ್ಲಿಯೇ ಇಡುತ್ತೇನೆ.

ಅದು ಚೆಲುವಾದ ವಸ್ತು; ಅದರಲ್ಲಿ ಸಂಶಯವಿಲ್ಲ. 2021ರ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಅಂಗಡಿಯಲ್ಲಿ ಅದನ್ನು ಕೊಂಡೆ. ಹೊರಗೆ ಉಣ್ಣೆಯಂತೆ ತೋರುವ ಬಟ್ಟೆ, ಒಳಗೆ ಕೆನ್ನೆಗೆ ಹಿತವಾದ ಮಖಮಲ್ಲು, ಅಂಚಿನುದ್ದಕ್ಕೂ ಕಪ್ಪು ದಾರದಲ್ಲಿ ಹೊಲಿದ ಬಳ್ಳಿ. ಬಲಗೆನ್ನೆಯ ಮೇಲೆ, ಬಳ್ಳಿ ಮುಗಿಯುವಲ್ಲಿ, ರೂಪಾಯಿಯಗಲದ ಒಂದು ಹೂವು. ಅದು ಹೂವಲ್ಲ, ಉಸಿರು ಹೊರಗೆ ಹೋಗುವ ಬಾಗಿಲು ಎಂದು ಅಂಗಡಿಯವನು ಹೆಮ್ಮೆಯಿಂದ ತಿಳಿಸಿದ. ಇಂಗ್ಲಿಷಿನಲ್ಲಿ ಅದಕ್ಕೆ ವಾಲ್ವ್ ಎಂದು ಹೆಸರು. "ಇದು ಇದ್ದರೆ ಕನ್ನಡಕಕ್ಕೆ ಮಂಜು ಹಿಡಿಯುವುದಿಲ್ಲ, ಸಾರ್" ಎಂದ. ಕನ್ನಡಕ ಹಾಕುವವನಿಗೆ ಇದಕ್ಕಿಂತ ಹೆಚ್ಚಿನ ಶಿಫಾರಸು ಬೇಕೆ? ಕನ್ನಡಿಯಲ್ಲಿ ನೋಡಿಕೊಂಡೆ. ಐವತ್ತು ದಾಟಿದ ಮುಖದಲ್ಲಿ ಕೆಳಗಿನ ಅರ್ಧವನ್ನು ಮುಚ್ಚಿದರೆ ಉಳಿದ ಅರ್ಧಕ್ಕೆ ಎಷ್ಟು ಗಾಂಭೀರ್ಯ ಬರುತ್ತದೆ ಎಂಬುದು ಅಂದು ತಿಳಿಯಿತು.

ಮುಖ ಮುಚ್ಚುವ ಬಟ್ಟೆಗೆ ಶೃಂಗಾರವೇಕೆ ಎಂದು ಆಗ ಅನೇಕರು ಕೇಳುತ್ತಿದ್ದರು. ಕೇಳುವುದಕ್ಕೆ ಕಾರಣವೂ ಇತ್ತು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚಿನಲ್ಲಿ ನಮ್ಮ ಕಲಬುರಗಿಯದೇ. ಆ ವಾರ ಔಷಧದಂಗಡಿಗಳಲ್ಲಿ ಮುಖವಸ್ತ್ರ ಹುಡುಕುತ್ತಿದ್ದವರ ಕಣ್ಣಿನಲ್ಲಿ ಇದ್ದದ್ದು ಭಯ. ಬಣ್ಣದ ಯೋಚನೆ ಯಾರಿಗೂ ಬಂದಿರಲಾರದು. ಏಪ್ರಿಲಿನಲ್ಲಿ ಕೇಂದ್ರ ಸರ್ಕಾರವೇ ಮನೆಯ ಹಳೆಯ ಹತ್ತಿಬಟ್ಟೆಯಿಂದ ಹೊಲಿದುಕೊಳ್ಳಿ ಎಂದು ಸಲಹೆ ಕೊಟ್ಟಿತು. ಸ್ತ್ರೀಶಕ್ತಿ ಸಂಘಗಳ ಹೊಲಿಗೆಯಂತ್ರಗಳು ಹಗಲಿರುಳು ನಡೆದವು. ಮುಂದೆ ಕೆಲವೇ ತಿಂಗಳಲ್ಲಿ ಮದುವೆಯ ಸೀರೆಗೆ ಒಪ್ಪುವ ಜರಿಯಂಚಿನ ಮುಖವಸ್ತ್ರ ಬಂತು. ಖಣದ ಬಟ್ಟೆಯದು ಬಂತು. ವಧೂವರರ ಹೆಸರು ಹೆಣೆದದ್ದೂ ಬಂತು. ಸ್ಮಶಾನದಲ್ಲಿ ಸ್ಥಳವಿಲ್ಲದ ಕಾಲದಲ್ಲಿ ಇದೆಂತಹ ಹುಡುಗಾಟ ಎಂದು ನನ್ನ ಸ್ನೇಹಿತರೊಬ್ಬರು ಸಿಡುಕಿದರು. ನಾನು ಅಂದು ಶೃಂಗಾರದ ಪಕ್ಷ ವಹಿಸಿ ವಾದಿಸಿದೆ. ಇಂದೂ ಆ ಪಕ್ಷವನ್ನು ಬಿಟ್ಟಿಲ್ಲ. ಆದರೆ ವಾದಿಸುವಾಗ ಅಂದಿನಷ್ಟು ಗಟ್ಟಿಯಾಗಿ ಮಾತನಾಡಲಾರೆ.

ಚಿಮ್ಮನಚೋಡ ನನ್ನ ತಾಯಿಯ ತವರು. ಚಿಂಚೋಳಿ ತಾಲ್ಲೂಕಿನಲ್ಲಿ ಮುಲ್ಲಾಮಾರಿ ನದಿಯ ದಂಡೆಯಲ್ಲಿದೆ. ನಮ್ಮ ಕಡೆ ಎಂದರೆ ಬಿಸಿಲು ಎಂದು ಮಾತ್ರ ತಿಳಿದಿರುವ ದಕ್ಷಿಣದ ಗೆಳೆಯರು ಡಿಸೆಂಬರಿನ ಕೊನೆಯಲ್ಲಿ ಒಂದು ಬೆಳಗಿನ ಜಾವ ಅಲ್ಲಿ ಎದ್ದು ನಿಲ್ಲಬೇಕು. ಬೀದರಿನ ಕಡೆಯಿಂದ ಬೀಸುವ ಗಾಳಿ ಕಿವಿಯನ್ನು ಹುಡುಕಿಕೊಂಡು ಬರುತ್ತದೆ. ಆ ಹೊತ್ತಿಗೆ ಸರಿಯಾಗಿ ತೊಗರಿಯ ರಾಶಿ. ಯಂತ್ರದ ಬಾಯಿಂದ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ. ಹೊಟ್ಟಿನ ಧೂಳು ಹಳದಿ ಹೊಗೆಯಂತೆ ಎದ್ದು ರೆಪ್ಪೆಯ ಮೇಲೆ ಕೂಡುತ್ತದೆ. ಗಂಡಸರು ರುಮಾಲನ್ನು ಬಿಚ್ಚಿ ಮೂಗು ಬಾಯಿಗಳಿಗೆ ಸುತ್ತುತ್ತಾರೆ. ಹೆಂಗಸರು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾರೆ. ಕೆಳಗೆ ಶಹಾಬಾದ, ವಾಡಿ, ಸೇಡಂ ಕಡೆ ಕಲ್ಲಿನ ಗಣಿಗಳಲ್ಲಿಯೂ ಇದೇ ವೇಷ. ನಮ್ಮ ಸೀಮೆಗೆ ಮುಖವಸ್ತ್ರವನ್ನು 2020 ಕಲಿಸಿಕೊಡಲಿಲ್ಲ. ಧೂಳು ಬಹಳ ಹಿಂದೆಯೇ ಕಲಿಸಿತ್ತು.

ನನ್ನ ಸೋದರಮಾವ ಯೌವನದಲ್ಲಿ ಹನ್ನೊಂದು ವರ್ಷ ಒಂದು ಗಣಿಯಲ್ಲಿ ಹಾಸುಗಲ್ಲು ಎಬ್ಬಿದವರು, ಆಮೇಲೆ ಊರಿಗೆ ಬಂದು ತೊಗರಿ ಬೆಳೆದವರು. 2022ರ ಎಳ್ಳ ಅಮಾವಾಸ್ಯೆ ಜನವರಿ 2ರಂದು, ಭಾನುವಾರ ಬಿದ್ದಿತ್ತು. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ, ಅಂಬಲಿ ಉಂಡು ಬರುವ ಹಬ್ಬ. ಹಿಂದಿನ ದಿನ ಕಲಬುರಗಿ ಸ್ಟೇಷನ್ನಿಗೆ ಮಾವ ಬಾಡಿಗೆ ಕಾರು ತೆಗೆದುಕೊಂಡು ತಾವೇ ಬಂದಿದ್ದರು. ನನ್ನ ಮುಖವನ್ನು ನೋಡಿ ನಕ್ಕು, "ಭಾಳ ಚಂದ ಅದ ನೋಡಪ್ಪ, ಮದುಮಗ ಆಗೀದಿ" ಎಂದರು. ಅವರ ಮುಖಕ್ಕೆ ಒಂದು ಹಳೆಯ ಹತ್ತಿಯ ರುಮಾಲು ನಾಲ್ಕು ಸುತ್ತಾಗಿ ಬಿಗಿದಿತ್ತು. ಚಳಿಯೆಂದು ಕಾರಿನ ಗಾಜುಗಳನ್ನು ಏರಿಸಿದೆವು. ಸುಮಾರು ಎರಡು ಗಂಟೆಯ ಪ್ರಯಾಣ; ದಾರಿಯುದ್ದಕ್ಕೂ ಮಾತು. ನನ್ನ ಗಂಟಲಿನಲ್ಲಿ ಹಿಂದಿನ ಸಂಜೆಯಿಂದ ಸಣ್ಣದೊಂದು ಕೆರೆತ. ರೈಲಿನ ಗಾಳಿಯದೆಂದು ಬಗೆದಿದ್ದೆ. ಕನ್ನಡಕಕ್ಕೆ ಮಂಜು ಹಿಡಿಯಲಿಲ್ಲ. ಅಂಗಡಿಯವನ ಮಾತು ನಿಜವೆಂದು ಎರಡು ಸಲವಾದರೂ ಸಂತೋಷಪಟ್ಟೆ.

ಈ ಮಂಜಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲ ಕಥೆಯೂ ಅಲ್ಲೇ ಇದೆ. ನಮ್ಮ ಉಸಿರು ಬಿಸಿ, ತೇವ. ಬಟ್ಟೆ ಅದನ್ನು ತಡೆದು ಹಿಡಿದಾಗ ಅದು ಮೂಗಿನ ಮಗ್ಗುಲಿಂದ ಮೇಲಕ್ಕೇರಿ ತಣ್ಣನೆಯ ಗಾಜಿನ ಮೇಲೆ ಇಬ್ಬನಿಯಾಗುತ್ತದೆ. ಬಟ್ಟೆಯ ಒಳಮೈ ಒದ್ದೆಯಾಗುತ್ತದೆ. ಹೀಗೆ ಒದ್ದೆಯಾದದ್ದನ್ನು ಬದಲಿಸಬೇಕು, ಒಗೆಯಬೇಕು. ಇವೆಲ್ಲ ಕಿರುಕುಳವೇ ಸರಿ. ಆದರೆ ಆ ಕಿರುಕುಳವೇ ಬಟ್ಟೆ ಕೆಲಸ ಮಾಡುತ್ತಿದೆ ಎಂಬುದಕ್ಕೆ ಒಂದು ಗುರುತು. ಬಾಗಿಲಿರುವ ಮುಖವಸ್ತ್ರದಲ್ಲಿ ತೆಳುವಾದ ಒಂದು ಪೊರೆ ಇರುತ್ತದೆ. ಉಸಿರು ಎಳೆದುಕೊಂಡಾಗ ಅದು ಮುಚ್ಚಿಕೊಳ್ಳುತ್ತದೆ. ಬರುವ ಗಾಳಿ ಬಟ್ಟೆಯ ಮೂಲಕವೇ ಸೋಸಿ ಬರಬೇಕು. ಉಸಿರು ಬಿಟ್ಟಾಗ ತೆರೆದುಕೊಳ್ಳುತ್ತದೆ. ಹೋಗುವ ಗಾಳಿಗೆ ಸೋಸುವಿಕೆಯ ಕಟ್ಟುಪಾಡಿಲ್ಲ. ಅಂದರೆ ನಿನ್ನ ಉಸಿರಿನಿಂದ ನನಗೆ ಕಾವಲುಂಟು, ನನ್ನ ಉಸಿರಿನಿಂದ ನಿನಗೆ ಕಾವಲಿಲ್ಲ. ಇಂತಹ ಬಾಗಿಲಿನ ಎನ್-95 ಮುಖವಸ್ತ್ರಗಳು ರೋಗ ಹರಡುವುದನ್ನು ತಡೆಯುವುದಿಲ್ಲವೆಂದು ಕೇಂದ್ರದ ಆರೋಗ್ಯ ಇಲಾಖೆ 2020ರ ಜುಲೈಯಲ್ಲಿಯೇ ರಾಜ್ಯಗಳಿಗೆ ಬರೆದಿತ್ತು. ಪತ್ರಿಕೆಗಳಲ್ಲಿ ಬಂದಿತ್ತು, ನಾನು ಓದಿದ್ದೆ. ಓದಿದ್ದು ಹೂವಿನ ಮುಂದೆ ನಿಂತಾಗ ನೆನಪಾಗಲಿಲ್ಲ.

ಬೆಂಗಳೂರಿಗೆ ಹಿಂದಿರುಗಿ 4ನೆಯ ತಾರೀಖು ಪರೀಕ್ಷೆ ಮಾಡಿಸಿದೆ. ನನಗೆ ರೋಗವಿತ್ತು. ಮಾವನಿಗೆ 6ರಂದು ಜ್ವರ ಬಂತು. ಎರಡು ಸೂಜಿಯನ್ನೂ ಹಾಕಿಸಿಕೊಂಡಿದ್ದರು; ಬದುಕಿದರು. ಆದರೆ ಹಿಂದೆ ಒಂದೇ ಏಟಿಗೆ ಹೊಲದಿಂದ ಮನೆಗೆ ಬರುತ್ತಿದ್ದವರು ಈಗ ದಾರಿಯಲ್ಲಿ ಬೇವಿನ ಕಟ್ಟೆಯ ಮೇಲೆ ಕೂತು ಬರುತ್ತಾರೆ.

ನನ್ನಿಂದಲೇ ಬಂತೆ? ಹಬ್ಬಕ್ಕೆ ಹೊರಗಿನಿಂದ ಬಂದವರು ನಾಲ್ವರಿದ್ದೆವು. ಹೊಲದಲ್ಲಿ ಉಣ್ಣುವಾಗ ಎಲ್ಲರೂ ಮುಖ ಬಿಚ್ಚಿದ್ದೆವು, ಅದು ಬಯಲಾದರೂ. ಮಾವ ಅದರ ಹಿಂದಿನ ಗುರುವಾರ ಸಂತೆಗೂ ಹೋಗಿದ್ದರು. ಬಾಗಿಲಿಲ್ಲದ ಬಟ್ಟೆ ಕಟ್ಟಿದ್ದರೂ ಎರಡು ಗಂಟೆ ಮುಚ್ಚಿದ ಕಾರಿನಲ್ಲಿ ಅದು ಸಂಪೂರ್ಣ ರಕ್ಷೆಯಾಗುತ್ತಿರಲಿಲ್ಲ. ಇವೆಲ್ಲ ನಿಜ. ಇಷ್ಟು ನಿಜಗಳನ್ನು ಇಷ್ಟು ಬೇಗ ಕೂಡಿಹಾಕಿಕೊಂಡ ನನ್ನ ಬುದ್ಧಿಯ ಚುರುಕನ್ನು ಕಂಡು ನನಗೇ ಭಯವಾಯಿತು.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1785ರ ತನ್ನ ನೀತಿಗ್ರಂಥದಲ್ಲಿ ಒಬ್ಬ ಅಂಗಡಿಯವನನ್ನು ತರುತ್ತಾನೆ. ಅವನು ಮಗು ಬಂದರೂ ಹೆಚ್ಚು ಬೆಲೆ ಕೇಳುವುದಿಲ್ಲ. ಏಕೆ? ವ್ಯಾಪಾರ ಕೆಡಬಾರದೆಂದು. ಮಾಡಿದ್ದು ಸರಿಯಾದ ಕೆಲಸವೇ; ಆದರೂ ಅದಕ್ಕೆ ನೈತಿಕ ಬೆಲೆಯಿಲ್ಲ ಎಂದು ಕಾಂಟನ ತೀರ್ಮಾನ. ಈ ತಕ್ಕಡಿಯಲ್ಲಿ ತೂಗಿದರೆ ಜರಿಯಂಚಿನ ಮುಖವಸ್ತ್ರ ಕಟ್ಟಿದ ಮದುಮಗಳಿಗೆ ಏನೂ ಪುಣ್ಯ ದಕ್ಕುವುದಿಲ್ಲ: ಅವಳು ಕಟ್ಟಿದ್ದು ಚೆಂದಕ್ಕಾಗಿ. ನನ್ನ ಸ್ನೇಹಿತರ ಸಿಡುಕೂ ಇದೇ ಜಾತಿಯದು.

ನನಗೆ ಇದು ಒಪ್ಪುವುದಿಲ್ಲ. ಚಿಂಚೋಳಿಯ ಸುತ್ತ ತಾಂಡಾಗಳು ಬಹಳ. ಆ ಹಬ್ಬದಂದೇ ಒಂದು ತಾಂಡಾದ ಹುಡುಗಿಯನ್ನು ಕಂಡೆ, ಎಂಟು ವರ್ಷವಿದ್ದೀತು. ಅಜ್ಜಿಯ ಹಳೆಯ ಕಾಂಚಳಿಯ ತುಂಡಿನಿಂದ ಹೊಲಿದ ಮುಖವಸ್ತ್ರ, ಒಳಗೆ ಹತ್ತಿಯ ಎರಡು ಪದರ, ಮೇಲೆ ನಾಲ್ಕು ಕನ್ನಡಿಚೂರು. ಅವಳ ಅಣ್ಣನದು ಸರ್ಕಾರಿ ಶಾಲೆಯಲ್ಲಿ ಕೊಟ್ಟ ಸಾದಾ ಬಿಳಿಯದು. ಅದು ಇಡೀ ದಿನ ಅವನ ಗದ್ದದ ಕೆಳಗೆ ತೂಗುತ್ತಿತ್ತು. ಹುಡುಗಿ ಮಾತ್ರ ಬೆಲ್ಲ ಕೊಟ್ಟರೂ ತೆಗೆಯಲೊಲ್ಲಳು. ಬಿಸಿಲು ಬಿದ್ದಾಗ ಎದುರಿಗಿದ್ದವರ ಅಂಗಿಯ ಮೇಲೆ ನಾಲ್ಕು ಬೆಳಕಿನ ಬಿಲ್ಲೆಗಳು ಕುಣಿಯುತ್ತಿದ್ದವು. ಅವಳಿಗೆ ಕರ್ತವ್ಯವೆಂಬ ಮಾತೇ ಗೊತ್ತಿಲ್ಲ. ಅವಳ ಉಸಿರಿನಿಂದ ಆ ದಿನ ಯಾರಿಗೂ ಅಪಾಯವೂ ಹೆಚ್ಚಾಗಿ ಇರಲಿಲ್ಲ. ಈ ಹುಡುಗಿಯನ್ನು ಕಾಂಟನ ಮುಂದೆ ನಿಲ್ಲಿಸಿದರೆ ಅವನು ಏನು ಹೇಳುತ್ತಿದ್ದನೋ, ನಾನಂತೂ ಅವಳಿಗೆ ಪೂರ್ಣ ಅಂಕ ಕೊಡುತ್ತೇನೆ. ಶೃಂಗಾರ ಕರ್ತವ್ಯಕ್ಕೆ ಶತ್ರುವಲ್ಲ. ಎಷ್ಟೋ ಕಾಲ ಅದರ ಕೈಹಿಡಿದು ನಡೆಸುವ ದಾದಿ.

ಹಾಗಾದರೆ ನನ್ನ ಹೂವಿನಲ್ಲಿ ಕೆಟ್ಟದ್ದೇನಿತ್ತು? ಬಳ್ಳಿಯಲ್ಲಿ ಇರಲಿಲ್ಲ, ಬಣ್ಣದಲ್ಲಿ ಇರಲಿಲ್ಲ. ಇದ್ದದ್ದು ದಿಕ್ಕಿನಲ್ಲಿ. ಕೊಳ್ಳುವಾಗ ನಾನು ಕೇಳಿದ ಪ್ರಶ್ನೆಗಳನ್ನೆಲ್ಲ ನೆನೆದುಕೊಳ್ಳುತ್ತೇನೆ: ಬೆಚ್ಚಗಿರುತ್ತದೆಯೆ? ಕಿವಿ ನೋಯುತ್ತದೆಯೆ? ಕನ್ನಡಕಕ್ಕೆ ತೊಂದರೆಯೆ? ಬಣ್ಣ ಹೋಗುತ್ತದೆಯೆ? ಎಲ್ಲವೂ ಒಳಮೈಯ ಪ್ರಶ್ನೆಗಳು. ಹೊರಮೈಗೆ ಸಂಬಂಧಿಸಿದ ಒಂದೇ ವಿಚಾರವೆಂದರೆ ಅದು ನೋಡುವವರಿಗೆ ಹೇಗೆ ಕಾಣುತ್ತದೆ ಎಂಬುದು. ನೋಡುವವರು ಉಸಿರಾಡುವವರೂ ಹೌದು ಎಂಬುದು ಹೊಳೆಯಲಿಲ್ಲ.

ಜೈನರಲ್ಲಿ ಸ್ಥಾನಕವಾಸಿ ಮತ್ತು ತೇರಾಪಂಥಿ ಸಾಧುಗಳು ಬಾಯಿಗೆ ಮುಹಪತ್ತಿ ಎಂಬ ಬಿಳಿಯ ಬಟ್ಟೆಯನ್ನು ಕಟ್ಟುತ್ತಾರೆ. (ನಮ್ಮ ಸೇಡಂ ಬಳಿಯ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ, ಹಳೆಯ ಜೈನಕೇಂದ್ರವಾದರೂ ಅಲ್ಲಿಯದು ದಿಗಂಬರ ಪರಂಪರೆ, ಅವರಲ್ಲಿ ಈ ರೂಢಿಯಿಲ್ಲ.) ತಮ್ಮ ಮಾತಿನ ಬಿಸಿಯುಸಿರಿನಿಂದ ಗಾಳಿಯಲ್ಲಿರುವ ಕಣ್ಣಿಗೆ ಕಾಣದ ಜೀವಗಳಿಗೆ ನೋವಾದೀತು ಎಂದು ಅದನ್ನು ಕಟ್ಟುವುದು. ಅಲ್ಲಿ ಬಟ್ಟೆಯ ಮುಖವೆಲ್ಲ ಹೊರಕ್ಕೇ. ನನ್ನದು ಅದರ ನೇರ ತಿರುವು: ಅಗೋಚರ ಜೀವಗಳಿಂದ ನಾನು ಪಾರಾಗಬೇಕು, ಆದರೆ ನನ್ನೊಳಗಿನವನ್ನು ಹೊರಗೆ ಕಳುಹಿಸುವುದಕ್ಕೆ ಹೂವಿನಲಂಕಾರದ ಬಾಗಿಲು ಬೇಕು.

ಮುಖವಸ್ತ್ರಕ್ಕೂ ಚಳಿಗೂ ಹಳೆಯ ನಂಟು. 1910ರ ಡಿಸೆಂಬರಿನಲ್ಲಿ, ಹೆಪ್ಪುಗಟ್ಟಿದ ಮಂಚೂರಿಯದ ಹಾರ್ಬಿನ್ ನಗರದಲ್ಲಿ ಪ್ಲೇಗು ಎದ್ದಾಗ, ಪಿನಾಂಗಿನಲ್ಲಿ ಹುಟ್ಟಿದ ಯುವವೈದ್ಯ ವು ಲಿಯೆನ್-ತೆಹ್ ಅಲ್ಲಿಗೆ ಹೋದ. ಇದು ಇಲಿಚಿಗಟದ ದಾರಿಯಿಂದಲ್ಲ, ಉಸಿರಿನಿಂದ ಹಬ್ಬುತ್ತಿದೆ ಎಂದು ಕಂಡು, ಹತ್ತಿ ಮತ್ತು ಜಾಳಿಗೆಬಟ್ಟೆಯ ಪದರಗಳ ಮುಖವಸ್ತ್ರವನ್ನು ಎಲ್ಲರೂ ಕಟ್ಟಬೇಕೆಂದ. ಹಿರಿಯನಾದ ಫ್ರೆಂಚ್ ವೈದ್ಯ ಮೆನಿ ಆ ಮಾತನ್ನು ತಳ್ಳಿಹಾಕಿ ಬರಿಯ ಮುಖದಲ್ಲಿ ರೋಗಿಗಳ ಬಳಿಗೆ ಹೋದ. ಕೆಲವೇ ದಿನಗಳಲ್ಲಿ ಸತ್ತ. ಈ ಕಥೆಯನ್ನು ಹೇಳುವವರು ಮೆನಿಯ ಗರ್ವವನ್ನು ಎತ್ತಿ ಆಡುತ್ತಾರೆ. ನನಗೆ ಅವನ ಮೇಲೆ ಒಂದು ಬಗೆಯ ಗೌರವವೇ ಉಳಿದಿದೆ. ತನ್ನ ತಪ್ಪಿನ ಬೆಲೆಯನ್ನು ಮೊದಲು ತಾನೇ ತೆತ್ತ. ನನ್ನ ತಪ್ಪಿಗೆ, ಅದು ತಪ್ಪೇ ಆಗಿದ್ದರೆ, ಮೂರು ದಿನದ ಜ್ವರ ನನಗೆ, ಉಳಿದದ್ದು ಮಾವನಿಗೆ.

ನಿಶ್ಚಯವಾಗಿ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ಕ್ರಮ ನಮಗೆ ಗೊತ್ತು. ಮಾಡಿದೆನೋ ಇಲ್ಲವೋ ತಿಳಿಯದ, ಎಂದಿಗೂ ತಿಳಿಯಲಾಗದ ತಪ್ಪಿಗೆ ಏನು ಕ್ರಮ? ಹೇಳದೆ ಇದ್ದರೆ ಹೇಡಿತನ. ಹೇಳಿದರೆ ಆ ವೃದ್ಧರ ಮನಸ್ಸಿಗೆ ಇಲ್ಲದ ಹುಳವನ್ನು ಬಿಟ್ಟಂತೆ. ನನ್ನ ಎದೆ ಹಗುರಾಗಲೆಂದು ಅವರ ಎದೆಯ ಮೇಲೆ ಇನ್ನೊಂದು ಹಾಸುಗಲ್ಲು ಇಟ್ಟಂತೆ. ಅದೂ ಒಂದು ವಾಲ್ವೇ ಅಲ್ಲವೆ ಎಂದು ಎರಡು ವರ್ಷ ಸುಮ್ಮನಿದ್ದೆ. ಸುಮ್ಮನಿರುವುದಕ್ಕೆ ಇಷ್ಟು ಸೊಗಸಾದ ಕಾರಣ ಸಿಕ್ಕಿದ್ದೇ ಕೊನೆಗೆ ನನ್ನನ್ನು ಅನುಮಾನಕ್ಕೆ ಹಚ್ಚಿತು.

2024ರ ಜನವರಿಯ ಎಳ್ಳ ಅಮಾವಾಸ್ಯೆಗೆ ಹೋದಾಗ ಹೇಳಿದೆ. ಹೊಲದ ಬದುವಿನ ಮೇಲೆ ಕೂತಿದ್ದೆವು. ಬಾಗಿಲಿನ ವಿಚಾರ, ಕಾರಿನ ಗಾಜಿನ ವಿಚಾರ, ಗಂಟಲ ಕೆರೆತ, ಎಲ್ಲವನ್ನೂ ಹೇಳಿದೆ. ಮಾವ ಬಹಳ ಹೊತ್ತು ಮಾತನಾಡಲಿಲ್ಲ. ಅವರು ಸಿಟ್ಟಾಗಿದ್ದಾರೆಂದುಕೊಂಡೆ, ಮಾತಿಗೆ ಮುಂಚೆ ಉಸಿರು ಕೂಡಿಸಿಕೊಳ್ಳುತ್ತಿದ್ದರು ಎಂದು ಆಮೇಲೆ ತಿಳಿಯಿತು.

"ಈ ಎದ್ಯಾಗ ಕಲ್ಲಿನ ಧೂಳದ, ತೊಗರಿ ಹೊಟ್ಟದ. ನಿಂದೂ ಒಂದೀಟು ಇದ್ದೀತು. ಯಾರದು ಎಷ್ಟಂತ ತೂಗ್ಲಾಕ ಬರ್ತದೇನು?" ಎಂದರು. ಸ್ವಲ್ಪ ತಡೆದು, "ಆದ್ರ ಆವತ್ತೇ ಫೋನ್ ಮಾಡಿ ಹೇಳಬೇಕಿತ್ತು ನೀ. ಜ್ವರ ಬರೂ ಮೊದಲ ನಾ ಎರಡು ದಿನ ಮೊಮ್ಮಗನ ಕೂಡ ಮಲಗೀನಿ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. 4ನೆಯ ತಾರೀಖು ಪರೀಕ್ಷೆಯ ಫಲ ಬಂದಾಗ ನಾನು ಕಚೇರಿಗೆ ತಿಳಿಸಿದ್ದೆ, ಪಕ್ಕದ ಮನೆಯವರಿಗೆ ತಿಳಿಸಿದ್ದೆ. ಚಿಮ್ಮನಚೋಡಕ್ಕೆ, ಹಬ್ಬದ ಮಾರನೆಯ ದಿನ ಯಾಕೆ ಗಾಬರಿ ಎಂದು, ತಿಳಿಸಿರಲಿಲ್ಲ. ಎರಡು ವರ್ಷ ನಾನು ಬಟ್ಟೆಯ ಬಾಗಿಲನ್ನೇ ಚಿಂತಿಸುತ್ತಿದ್ದೆ. ಇದು ನೆನಪಿಗೇ ಬಂದಿರಲಿಲ್ಲ. ಮಗುವಿಗೆ ಏನೂ ಆಗಲಿಲ್ಲ.

ಅಷ್ಟರಲ್ಲಿ ಅತ್ತೆ ರೊಟ್ಟಿಯ ಬುಟ್ಟಿ ಇಳಿಸಿದರು. ಆ ವರ್ಷ ರಾಶಿಗೆಂದು ಹಳೆಯ ಸೀರೆಯೊಂದನ್ನು ಕತ್ತರಿಸಿ ಮೂರು ಪದರದ ಮುಖವಸ್ತ್ರಗಳನ್ನು ಹೊಲಿದಿಟ್ಟಿದ್ದರು. ಕಟ್ಟಿಕೊಳ್ಳಲು ಲಾಡಿ, ಅಂಚಿಗೆ ಸೀರೆಯದೇ ಕೆಂಪು ದಡಿ. ಒಂದನ್ನು ಬಿಸಿಲಿಗೆ ಹಿಡಿದು ನೋಡಿದೆ, ಬೆಳಕು ತೂರಲಿಲ್ಲ. ಮಾವ ತಮ್ಮದನ್ನು ಕಟ್ಟಿಕೊಂಡು ಯಂತ್ರದ ಕಡೆ ನಡೆದರು. ದಡಿ ಮೇಲೆ ಬರಬೇಕೋ ಕೆಳಗೆ ಬರಬೇಕೋ ಎಂದು ನಾನು ತಿರುಗಿಸಿ ಮುರುಗಿಸಿ ನೋಡುತ್ತಿದ್ದುದನ್ನು ಕಂಡು ಅತ್ತೆ, "ಮ್ಯಾಲ ಬರ್ಲಿ, ಚಂದ ಕಾಣ್ತದ" ಎಂದರು. ಹಾಗೆಯೇ ಕಟ್ಟಿದೆ. ಯಂತ್ರ ಶುರುವಾಗುವ ಹೊತ್ತಿಗೆ ಕನ್ನಡಕಕ್ಕೆ ಮಂಜು ಹಿಡಿದಿತ್ತು.