ನೆಲೆ ತಪ್ಪಿದುದರ ಲೆಕ್ಕ

ಹೊಸದನ್ನು ನೆಲೆಗೊಳಿಸುವಾಗ ಇದ್ದುದು ನೆಲೆ ತಪ್ಪಿದರೆ ಆ ನಷ್ಟವು ಯಾರ ಲೆಕ್ಕಕ್ಕೆ ಸೇರಬೇಕೆಂಬುದು ವಿಚಾರಣೀಯವಾದ ವಿಷಯವು. ಕಾರ್ಯವು ಸಾಧಿಸಿದೊಡನೆ ಸಾಧನದ ದೋಷವು ಅಳಿಯುವುದೆಂದು ಹಲವರ ಮತ. ಈ ಮತವನ್ನು ಪರೀಕ್ಷಿಸಲು ತಕ್ಕ ದೃಷ್ಟಾಂತವೊಂದು ಇಂದಿರಾನಗರದ ವಾಚಕರಿಗೆ ಸಮೀಪದಲ್ಲಿಯೇ ಇದೆ. ೧೯೮೫ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಈಗ ನೆರೆಯ ಸಿ. ವಿ. ರಾಮನ್ ನಗರದಲ್ಲಿ ಚಿಪ್‌ಗಳ ನಕ್ಷೆಗಳನ್ನು ರಚಿಸುತ್ತಿದೆ. ನಕ್ಷೆ ಇಲ್ಲಿಯದು, ಕುಲುಮೆ ಪರದೇಶದ್ದು.

ಚಿಪ್‌ನ ಮೂಲದ್ರವ್ಯವಾದ ಸಿಲಿಕಾನ್ ಸ್ಫಟಿಕದಲ್ಲಿ ಪರಮಾಣುಗಳು ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತವರಂತೆ ನಿಯತಸ್ಥಾನಗಳಲ್ಲಿರುತ್ತವೆ. ಅವುಗಳ ನಡುವೆ ಬೋರಾನನ್ನು ತಕ್ಕ ಆಳದಲ್ಲಿ ಇರಿಸಿದರೆ ವಿದ್ಯುತ್ತು ಹೇಳಿದಂತೆ ನಡೆಯುವುದು. ಇರಿಸುವ ಬಗೆ ಮಾತ್ರ ಉಗ್ರವಾದುದು. ಬೋರಾನಿನ ಅಯಾನುಗಳಿಗೆ ಸಾವಿರಾರು ವೋಲ್ಟುಗಳಿಂದ ವೇಗವನ್ನು ಕೊಟ್ಟು ಸ್ಫಟಿಕದೊಳಕ್ಕೆ ಎಸೆಯುತ್ತಾರೆ. ಶಾಕ್ಲಿಯವರು ೧೯೫೪ರಲ್ಲಿಯೇ ಇದಕ್ಕೆ ಪೇಟೆಂಟು ಕೋರಿದ್ದರು. ಗುರಿ ತಪ್ಪದು, ಆದರೆ ಒಬ್ಬ ಅತಿಥಿಯ ಪ್ರವೇಶಕ್ಕೆ ಪಂಕ್ತಿಯವರನೇಕರು ಎಲೆ ಬಿಟ್ಟು ಏಳಬೇಕಾಗುತ್ತದೆ.

ಗಾಯವನ್ನು ಮಾಯಿಸಲು ಸ್ಫಟಿಕವನ್ನು ಕಾಯಿಸುವರು. ಬಹುಪಾಲು ಪರಮಾಣುಗಳು ಸ್ವಸ್ಥಾನಕ್ಕೆ ಮರಳುತ್ತವೆ. ಆದರೂ ಬೋರಾನು ಒಂದು ಎಲೆಯನ್ನು ಹಿಡಿದುದರಿಂದ ಅಂತಹ ಒಂದೊಂದು ಅತಿಥಿಗೆ ಸುಮಾರು ಒಂದೊಂದು ಸಿಲಿಕಾನ್ ಪರಮಾಣು ನೆಲೆಯಿಲ್ಲದೆ ಉಳಿಯುವುದೆಂದು ತಜ್ಞರ ಗಣನೆ. ಸೋಜಿಗವೇನೆಂದರೆ, ಈ ನಿರಾಶ್ರಿತ ಪರಮಾಣುಗಳೇ ಬೋರಾನನ್ನು ಕದಲಿಸಿ ತಮ್ಮ ಸಂಗಡ ಅಲೆಯಿಸುತ್ತವೆ, ಅದೂ ಸಹಜಗತಿಗಿಂತ ಸಾವಿರಾರು ಪಟ್ಟು ವೇಗದಿಂದ. ಅಷ್ಟು ನಿಖರವಾಗಿ ಇಟ್ಟುದು ಹೀಗೆ ಇಟ್ಟಲ್ಲಿ ನಿಲ್ಲದು. ಅವೆಲ್ಲವೂ ಎಲ್ಲಿಯಾದರೂ ನೆಲೆ ಕಂಡ ಮೇಲೆಯೇ ಅಲೆದಾಟವು ಶಮಿಸುವುದು. ಮಂದಶಾಖವೇ ಸೌಮ್ಯವೆಂದು ತೋರಬಹುದು. ಆದರೆ ೮೦೦ ಡಿಗ್ರಿಯಲ್ಲಿ ದೀರ್ಘಕಾಲ ಬೇಯಿಸಿದರೆ, ೧೦೦೦ಕ್ಕೂ ಮಿಕ್ಕ ಶಾಖವನ್ನು ಕ್ಷಣಕಾಲ ತಾಗಿಸಿದುದಕ್ಕಿಂತ ಬೋರಾನು ಹೆಚ್ಚು ದೂರ ಸರಿಯುವುದುಂಟು. (ಮಡಕೆಯು ಪರಮಾಣುಗಳಾಗಿ ಬಿಡಿಬಿಡಿಯಾಗಿ ಬೇಯುವುದೆಂದು ವೈಶೇಷಿಕರ ಪೀಲುಪಾಕವಾದ, ಇಡಿಯಾಗಿಯೇ ಬೇಯುವುದೆಂದು ನೈಯಾಯಿಕರ ಪಿಠರಪಾಕವಾದ. ಬಿಲ್ಲೆಯು ಇಡಿಯಾಗಿಯೇ ಇದ್ದು ಒಳಗೆ ಪರಮಾಣುಗಳು ಮನೆ ಬದಲಿಸುವ ಈ ಪಾಕವನ್ನು ಕಂಡಿದ್ದರೆ ಇಬ್ಬರೂ ಇನ್ನಷ್ಟು ವಾದಿಸುತ್ತಿದ್ದರು!)

ಹಾಗಾದರೆ ಎಸೆಯುವುದೇ ಅಧರ್ಮವೆನ್ನಬೇಕೇ? ಹಾಗೆನ್ನಲಾಗದು. ಬಿಸಿ ಅನಿಲದಿಂದ ಬೋರಾನನ್ನು ಮೆಲ್ಲನೆ ಇಳಿಸುವ ಹಿಂದಿನ ಕ್ರಮದಲ್ಲಿ ಇಂತಹ ಗಾಯವಿಲ್ಲ, ಇಂತಹ ಅಳತೆಯೂ ಇಲ್ಲ. ಕುಲುಮೆಯವರ ನ್ಯಾಯವು ಬೇರೆಯದು: ನೆಲೆ ತಪ್ಪುವವುಗಳನ್ನು ಅವರು ನಕ್ಷೆಯಲ್ಲಿಯೇ ಎಣಿಸುತ್ತಾರೆ, ಚಿಕಿತ್ಸೆಯನ್ನು ತಡಮಾಡುವುದಿಲ್ಲ.

ಊರಿನ ನಕ್ಷೆಗಳಲ್ಲಿ ಈ ಎಣಿಕೆಯು ಅಪರೂಪ. ೨೦೧೧ರ ಅಕ್ಟೋಬರ್ ೨೦ರಂದು ಮೆಟ್ರೋ ರೈಲು ಇಂದಿರಾನಗರದ ಸಿ. ಎಂ. ಎಚ್. ರಸ್ತೆಯ ಮೇಲೆ ಓಡತೊಡಗಿತು. ಅದು ಬೇಕಾದುದೇ, ಒಳ್ಳೆಯದೇ. ಅದಕ್ಕೆ ದಾರಿ ಬಿಟ್ಟುಕೊಡಲು ಅಲ್ಲಿಯ ವರ್ತಕರು ಮೊದಲು ಒಪ್ಪಿರಲಿಲ್ಲ. ಕಡೆಗೆ ಕೆಲವು ಅಂಗಡಿಗಳು ಏಳಲೇಬೇಕಾಯಿತು. ಎದ್ದವರು ಯಾವ ಬೀದಿಯಲ್ಲಿ ಮತ್ತೆ ಕುಳಿತರೆಂಬುದನ್ನು ರೈಲಿನಲ್ಲಿ ಹೋಗುವವರು ವಿಚಾರಿಸುವುದಿಲ್ಲ.